ಪರ್ಸಿ ಜಾಕ್ಸನ್ ಪುಸ್ತಕಗಳು: ಮಕ್ಕಳಿಗೆ ಯಾವ ಕ್ರಮದಲ್ಲಿ, ಹೇಗೆ ಓದಿಸಬೇಕು?

'ಮಗಳು ಪರ್ಸಿ ಜಾಕ್ಸನ್ ಬೇಕು ಅಂತ ಹಟ ಹಿಡಿದಿದ್ದಾಳೆ, ಯಾವುದರಿಂದ ಶುರು ಮಾಡಲಿ?' 'ಅಂಗಡಿಯಲ್ಲಿ ಒಂದು ಕಪಾಟು ತುಂಬ ಇವೆ, ಎಲ್ಲ ಒಂದೇ ಕಥೆಯಾ?' 'ಗ್ರೀಕ್ ಪುರಾಣ ನಮಗೇ ಗೊತ್ತಿಲ್ಲ, ಮಕ್ಕಳಿಗೆ ಹೇಗೆ ಅರ್ಥವಾಗುತ್ತೆ?' ತಂದೆತಾಯಿಯರು, ಶಿಕ್ಷಕರು, ಶಾಲಾ ಗ್ರಂಥಾಲಯ ನೋಡಿಕೊಳ್ಳುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಕಟವಾದ ಕ್ರಮದಲ್ಲೇ ಓದಿಸಿ, ಪುರಾಣದ ಮೂಲ ಕಥೆಯನ್ನು ಅಧ್ಯಾಯ ಮುಗಿದ ಮೇಲೆ ಹೇಳಿ. ಈ ಎರಡು ಮಾತು ಪಾಲಿಸಿದರೆ ಮುಕ್ಕಾಲು ಕೆಲಸ ಆದಂತೆ. ಹಾಗೇಕೆ, ಎಲ್ಲಿ ಎಡವುತ್ತೇವೆ ಎನ್ನುವುದನ್ನು ಕೆಳಗೆ ಹಂತಹಂತವಾಗಿ ವಿವರಿಸಿದ್ದೇನೆ.

ಒಂದು ಎಚ್ಚರಿಕೆ. ಇದು ದೊಡ್ಡವರಿಗಾಗಿ ಬರೆದದ್ದು. ಕಥೆಯ ಒಂದೆರಡು ಗುಟ್ಟುಗಳು ಇಲ್ಲಿ ಹೊರಬೀಳುತ್ತವೆ, ಹಾಗಾಗಿ ಮಗುವಿನ ಎದುರು ಗಟ್ಟಿಯಾಗಿ ಓದಬೇಡಿ.

ಗೊತ್ತಿಲ್ಲದವರಿಗೆ ಎರಡು ಸಾಲಿನ ಪರಿಚಯ: ಪರ್ಸಿ ಹನ್ನೆರಡು ವರ್ಷದ ನ್ಯೂಯಾರ್ಕ್ ಹುಡುಗ. ಗ್ರೀಕ್ ದೇವತೆಗಳು ಇಂದಿಗೂ ಇದ್ದಾರೆ, ತಾನು ಅವರಲ್ಲೊಬ್ಬರ ಮಗ ಎಂದು ಅವನಿಗೆ ತಿಳಿಯುವುದರಿಂದ ಕಥೆ ಶುರು. ಬರೆದವರು ರಿಕ್ ರೈಯರ್ಡನ್, ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಅಮೆರಿಕದ ಮೇಷ್ಟರು. ಓದುವುದಕ್ಕೆ ತೊಡಕಿದ್ದ ತಮ್ಮ ಮಗನಿಗೆ ರಾತ್ರಿ ಹೇಳುತ್ತಿದ್ದ ಕಥೆಯನ್ನೇ ಅವರು ಬೆಳೆಸಿ ಕಾದಂಬರಿ ಮಾಡಿದರು.

ಏನೇನು ಬೇಕು?

ಮೊದಲ ಪುಸ್ತಕದ ಒಂದು ಪ್ರತಿ, ಒಂದು ನೋಟ್‌ಬುಕ್, ಅಮೆರಿಕದ ಭೂಪಟ. ಇಷ್ಟು ಸಾಕು. ಮೊದಲ ಸರಣಿಯ ಐದೂ ಪುಸ್ತಕದ ಸೆಟ್ಟನ್ನು ಮೊದಲ ದಿನವೇ ತರುವ ಅಗತ್ಯವಿಲ್ಲ. ಭೂಪಟ ಯಾಕೆಂದರೆ, ಮೊದಲ ಪುಸ್ತಕ ನ್ಯೂಯಾರ್ಕಿನಿಂದ ಲಾಸ್ ಏಂಜಲೀಸಿಗೆ ಮಾಡುವ ಪ್ರಯಾಣ. ನಡುವೆ ಸೇಂಟ್ ಲೂಯಿಸ್, ಡೆನ್ವರ್, ಲಾಸ್ ವೇಗಸ್ ಬರುತ್ತವೆ. ಒಲಿಂಪಸ್ ಪರ್ವತ ಗ್ರೀಸಿನಲ್ಲಿದ್ದರೂ ಕಥೆಯಲ್ಲಿ ದೇವತೆಗಳ ಊರು ಎಂಪೈರ್ ಸ್ಟೇಟ್ ಕಟ್ಟಡದ 600ನೇ ಮಹಡಿಗೆ ಬಂದು ಕೂತಿದೆ. ಅಮೆರಿಕ ನೋಡದ ಮಗುವಿಗೆ ಈ ಊರುಗಳೆಲ್ಲ ಬರಿಯ ಹೆಸರು. ಭೂಪಟದ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತಾ ಹೋದರೆ ಇನ್ನೆಷ್ಟು ದೂರ, ಇನ್ನೆಷ್ಟು ದಿನ ಎನ್ನುವ ಆತಂಕ ತಾನಾಗಿ ಹುಟ್ಟುತ್ತದೆ. ಕಥೆಯಲ್ಲಿ ಜೂನ್ 21ರ ಗಡುವಿದೆ.

ಹಂತ 1: ಮಗು ಸಿದ್ಧವಿದೆಯೇ ನೋಡಿ

ತಾನೇ ಓದಿಕೊಳ್ಳುವುದಾದರೆ ಹತ್ತು ವರ್ಷ ಸರಿಯಾದ ವಯಸ್ಸು. ನೀವು ಜೊತೆಗೆ ಕೂತು ಓದುವುದಾದರೆ ಎಂಟು–ಒಂಬತ್ತಕ್ಕೂ ನಡೆಯುತ್ತದೆ. ವಯಸ್ಸಿಗಿಂತ ಒಳ್ಳೆಯ ಪರೀಕ್ಷೆ ಮೊದಲ ಅಧ್ಯಾಯವೇ. ಮಗುವಿಗೆ ಅದನ್ನು ಓದಲು ಕೊಟ್ಟು, 'ಮ್ಯೂಸಿಯಮ್ಮಿನಲ್ಲಿ ಏನಾಯ್ತು ಹೇಳು' ಎಂದು ಕೇಳಿ. ಗಣಿತದ ಟೀಚರ್ ಏನಾದಳು, ಪೆನ್ನು ಏನಾಯಿತು ಎಂಬ ಎರಡು ಸಂಗತಿ ಮಗುವಿನ ಬಾಯಲ್ಲಿ ಬಂದರೆ ಭಾಷೆ ಅದರ ಹಿಡಿತಕ್ಕೆ ಸಿಕ್ಕಿದೆ ಎಂದರ್ಥ. ಬರದಿದ್ದರೆ ಬಿಡಬೇಕಿಲ್ಲ, ನೀವು ಓದಿ ಹೇಳಿ.

ಕನ್ನಡ ಮಾಧ್ಯಮದ ಮಕ್ಕಳಿಗೂ ಇದೇ ದಾರಿ. ಪರ್ಸಿ 'ನಾನು, ನಾನು' ಎನ್ನುತ್ತಾ ತನ್ನ ಕಥೆ ತಾನೇ ಹೇಳುತ್ತಾನೆ, ವಾಕ್ಯಗಳು ಚಿಕ್ಕವು, ಮಾತು ಆಡುಮಾತಿನದು. ಹಾಗಾಗಿ ಒಂದು ಪುಟ ಓದಿ ಅದನ್ನೇ ಕನ್ನಡದಲ್ಲಿ ಹೇಳುವುದು ಕಷ್ಟವಲ್ಲ. ಸಾಲಿಗೆ ಸಾಲು ಅನುವಾದ ಮಾಡಲು ಹೋಗಬೇಡಿ, ಅಲ್ಲೇ ಜನ ಸೋಲುವುದು. ಅಮೆರಿಕದ ಶಾಲೆ, ಬೇಸ್‌ಬಾಲ್, ಅಲ್ಲಿನ ತಿಂಡಿಗಳ ಮೇಲಿನ ತಮಾಷೆಗಳು ಕನ್ನಡಕ್ಕೆ ಬರುವುದಿಲ್ಲ, ದಾಟಿಸಿಬಿಡಿ. ಹೊಡೆದಾಟ, ಹೆದರಿಕೆ, ಗೆಳೆಯರ ಜಗಳ ಮಾತ್ರ ಒಂದೂ ಬಿಡದೆ ಹೇಳಿ.

ಹಂತ 2: ಸರಿಯಾದ ಪ್ರತಿ ತನ್ನಿ

ಮೊದಲ ಪುಸ್ತಕ 'ದಿ ಲೈಟ್ನಿಂಗ್ ಥೀಫ್', 2005ರದ್ದು. ಇಲ್ಲಿ ಮೂರು ಕಡೆ ಮೋಸ ಹೋಗುವ ಸಂಭವವಿದೆ.

ಒಂದು, ಹೆಸರು. ಬ್ರಿಟನ್ನಿನ ಪಫಿನ್ ಮುದ್ರಣದ ಮೇಲೆ 'ಪರ್ಸಿ ಜಾಕ್ಸನ್ ಅಂಡ್ ದಿ ಲೈಟ್ನಿಂಗ್ ಥೀಫ್' ಎಂದಿರುತ್ತದೆ, ಅಮೆರಿಕದ ಮುದ್ರಣದ ಮೇಲೆ ಬರೀ 'ದಿ ಲೈಟ್ನಿಂಗ್ ಥೀಫ್'. ಎರಡೂ ಒಂದೇ ಪುಸ್ತಕ. ಬೇರೆಬೇರೆ ಎಂದುಕೊಂಡು ಎರಡನ್ನೂ ಕೊಳ್ಳುವವರಿದ್ದಾರೆ.

ಎರಡು, ಗ್ರಾಫಿಕ್ ನಾವೆಲ್, ಅಂದರೆ ಇಡೀ ಕಥೆಯನ್ನು ಚಿತ್ರಗಳಲ್ಲಿ ಹೇಳುವ ಪುಸ್ತಕ. ಅದೇ ಹೆಸರಿನಲ್ಲಿ 2010ರಲ್ಲಿ ಬಂದಿದೆ. ಆನ್‌ಲೈನಿನಲ್ಲಿ ತರಿಸುವಾಗ ಮುಖಪುಟ ಮಾತ್ರ ನೋಡಿ ಇದನ್ನೇ ತರಿಸಿಬಿಡುವುದುಂಟು. ಓದಲು ಹಿಂಜರಿಯುವ ಮಗುವಿಗೆ ಅದು ಒಳ್ಳೆಯ ಊರುಗೋಲು, ನನ್ನ ತಕರಾರಿಲ್ಲ. ಆದರೆ ಪರ್ಸಿಯ ದನಿ ಅದರಲ್ಲಿ ಸಿಗುವುದಿಲ್ಲ, ಮತ್ತು ಈ ಪುಸ್ತಕದ ಅರ್ಧ ರುಚಿ ಆ ದನಿಯಲ್ಲಿದೆ. ಪುಟಗಳ ಸಂಖ್ಯೆ ನೋಡಿ ತರಿಸಿ. ಕಾದಂಬರಿಯದ್ದು ಮುನ್ನೂರರ ಮೇಲೆ.

ಮೂರು, ಪಾದಚಾರಿ ದಾರಿಯಲ್ಲಿ ಮಾರುವ ಕಳ್ಳಮುದ್ರಣ. ನಡುವೆ ಹದಿನಾರು ಪುಟದ ಒಂದು ಕಂತೆಯೇ ಇಲ್ಲದಿರಬಹುದು, ಅಕ್ಷರ ಮಸುಕಾಗಿರಬಹುದು. ಓದುವುದಕ್ಕೆ ಮೊದಲೇ ಕಷ್ಟಪಡುವ ಮಗುವಿನ ಕೈಗೆ ಅಂಥ ಪ್ರತಿ ಕೊಟ್ಟರೆ ಅದು ಪುಸ್ತಕವನ್ನಲ್ಲ, ತನ್ನನ್ನೇ ದೂರಿಕೊಳ್ಳುತ್ತದೆ. ಹಣ ಉಳಿಸಬೇಕಿದ್ದರೆ ಗ್ರಂಥಾಲಯದಿಂದ ತನ್ನಿ, ಇಲ್ಲವೆ ಹಳೆಯ ಪುಸ್ತಕದಂಗಡಿಯಲ್ಲಿ ಅಸಲಿ ಪ್ರತಿ ಹುಡುಕಿ.

ಹಂತ 3: ಶುರು ಮಾಡುವ ಮೊದಲು ಐದೇ ಸಂಗತಿ ಹೇಳಿ

ಮೊದಲು ಗ್ರೀಕ್ ಪುರಾಣವನ್ನೆಲ್ಲ ತಿಳಿಸಿ ಆಮೇಲೆ ಪುಸ್ತಕ ಕೊಡುತ್ತೇನೆ ಎಂಬ ಉತ್ಸಾಹ ಬೇಡ. ಇದೇ ಎಲ್ಲಕ್ಕಿಂತ ದೊಡ್ಡ ತಪ್ಪು, ಕಾರಣ ಮುಂದಿನ ಹಂತದಲ್ಲಿದೆ. ಈಗ ಇಷ್ಟು ಸಾಕು:

ಕ್ರೋನಸ್ ಎಂಬ ಟೈಟನ್ ಇದ್ದ. ಟೈಟನ್ ಎಂದರೆ ದೇವತೆಗಳಿಗಿಂತ ಹಿಂದಿನ ತಲೆಮಾರು. ತನ್ನ ಮಕ್ಕಳೇ ತನ್ನನ್ನು ಉರುಳಿಸುತ್ತಾರೆ ಎಂದು ಹೆದರಿ ಹುಟ್ಟಿದ ಕೂಸುಗಳನ್ನು ನುಂಗುತ್ತಿದ್ದ. ಕಂಸನ ಕಥೆ ಕೇಳಿದ ಮಗುವಿಗೆ ಇದನ್ನು ಎರಡನೇ ಸಲ ಹೇಳಬೇಕಾಗಿಲ್ಲ.

ಉಳಿದುಕೊಂಡ ಕೂಸು ಝ್ಯೂಸ್. ಅವನು ಬೆಳೆದು, ಒಡಹುಟ್ಟಿದವರನ್ನು ಬಿಡಿಸಿ, ಅಪ್ಪನನ್ನು ಸೋಲಿಸಿದ. ಮೂವರು ಅಣ್ಣತಮ್ಮಂದಿರು ಚೀಟಿ ಎತ್ತಿ ಲೋಕ ಹಂಚಿಕೊಂಡರು. ಝ್ಯೂಸನಿಗೆ ಆಕಾಶ, ಪೊಸೈಡನ್ನನಿಗೆ ಕಡಲು, ಹೇಡೀಸನಿಗೆ ಸತ್ತವರ ಪಾತಾಳ.

ಅಥೀನಾ ಬುದ್ಧಿ ಮತ್ತು ಯುದ್ಧತಂತ್ರದ ದೇವಿ, ಏರೀಸ್ ಯುದ್ಧದ ದೇವತೆ, ಹರ್ಮೀಸ್ ದೇವತೆಗಳ ದೂತ. ಉಳಿದವರು ಬಂದಾಗ ತಿಳಿದುಕೊಂಡರಾಯಿತು.

ದೇವತೆಗೂ ಮನುಷ್ಯರಿಗೂ ಹುಟ್ಟಿದ ಮಗುವನ್ನು ಕಥೆಯಲ್ಲಿ ಡೆಮಿಗಾಡ್ ಅಥವಾ ಹಾಫ್-ಬ್ಲಡ್ ಎನ್ನುತ್ತಾರೆ. ಅರೆದೇವ ಎನ್ನಿ. ತಂದೆ ಅಥವಾ ತಾಯಿಯಾದ ದೇವತೆ ಎಲ್ಲರೆದುರು ಒಂದು ಗುರುತು ತೋರಿಸಿ 'ಇದು ನನ್ನ ಮಗು' ಎಂದು ಒಪ್ಪಿಕೊಂಡರೆ ಅದಕ್ಕೆ 'ಕ್ಲೇಮ್' ಮಾಡುವುದು ಎನ್ನುತ್ತಾರೆ. ಒಪ್ಪಿಕೊಳ್ಳದೆ ಬಿಟ್ಟ ಮಕ್ಕಳೂ ಅರೆದೇವರು ತರಬೇತಿ ಪಡೆಯುವ ಶಿಬಿರದಲ್ಲಿದ್ದಾರೆ. ಇಲ್ಲಿ ಕರ್ಣನನ್ನು ನೆನಪಿಸಿ. ಸೂರ್ಯನ ಮಗನಾಗಿದ್ದೂ ಸಭೆಯಲ್ಲಿ 'ನಿನ್ನ ತಂದೆ ಯಾರು' ಎಂಬ ಪ್ರಶ್ನೆಗೆ ತಲೆ ತಗ್ಗಿಸಿದವನ ನೋವು ಗೊತ್ತಿರುವ ಮಗು ಈ ಸರಣಿಯ ಒಳಗಿನ ಸಿಟ್ಟನ್ನು ಬೇಗ ಹಿಡಿಯುತ್ತದೆ. ಐದೂ ಪುಸ್ತಕಗಳ ಕಥೆ ನಿಂತಿರುವುದು ಆ ಸಿಟ್ಟಿನ ಮೇಲೆ.

ಕೊನೆಯದು, ಮಿಸ್ಟ್. ರಾಕ್ಷಸರನ್ನೂ ದೇವತೆಗಳನ್ನೂ ಸಾಮಾನ್ಯ ಜನರ ಕಣ್ಣಿಂದ ಮರೆಮಾಡುವ ಮಾಯೆಯ ಮಂಜು ಅದು.

ಹೆಸರುಗಳ ಉಚ್ಚಾರಣೆಯನ್ನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದುಕೊಳ್ಳಲಿ: ಕೈರಾನ್ (ಚಿರಾನ್ ಅಲ್ಲ), ಪರ್ಸೆಫನಿ, ಸರ್ಸಿ, ಕರಿಬ್ಡಿಸ್, ಹೆಫೆಸ್ಟಸ್. ಹೆಸರು ನಾಲಿಗೆಗೆ ಹೊರಳದಿದ್ದರೆ ಮಕ್ಕಳು ಅದನ್ನು ಹಾರಿಸಿ ಓದುತ್ತಾರೆ. ಮೂರು ಪುಟ ಕಳೆದ ಮೇಲೆ ಯಾರು ಯಾರೆಂದು ತಿಳಿಯದೆ ಪುಸ್ತಕ ಮುಚ್ಚುತ್ತಾರೆ.

ಮನೆಯಲ್ಲಿ ಅಜ್ಜಿ ಕೇಳಬಹುದು, 'ಇವರೆಂಥ ದೇವರೋ, ಬರೀ ಜಗಳ ಆಡ್ತಾರಲ್ಲೋ' ಎಂದು. ಗ್ರೀಕರ ದೇವತೆಗಳು ಅವರ ಪ್ರಾಚೀನ ಕವಿ ಹೋಮರನ ಕಾಲದಿಂದಲೂ ಹಾಗೆಯೇ. ಅವರಿಗೆ ಸಾವಿಲ್ಲ, ಆದರೆ ಹೊಟ್ಟೆಕಿಚ್ಚು, ಹಟ, ಮೋಹ ಎಲ್ಲ ಇವೆ. ಲೇಖಕರು ಅಪಹಾಸ್ಯಕ್ಕೆಂದು ಸೇರಿಸಿದ ಗುಣಗಳಲ್ಲ ಇವು.

ಹಂತ 4: ಮೊದಲ ಪುಸ್ತಕವನ್ನು ದಿನಕ್ಕೊಂದು ಅಧ್ಯಾಯದಂತೆ ಓದಿ

ಒಟ್ಟು 22 ಅಧ್ಯಾಯಗಳು. ಗಟ್ಟಿಯಾಗಿ ಓದಿದರೆ ಒಂದಕ್ಕೆ ಸುಮಾರು ಅರ್ಧ ಗಂಟೆ, ಕನ್ನಡದಲ್ಲಿ ವಿವರಿಸುತ್ತಾ ಹೋದರೆ ಮುಕ್ಕಾಲು ಗಂಟೆ. ಬೇಸಿಗೆ ರಜೆಯಲ್ಲಿ ದಿನಕ್ಕೊಂದರಂತೆ ಮೂರು ವಾರ ಹಿಡಿಯುತ್ತದೆ. ಅಧ್ಯಾಯಗಳು ತುದಿಗಾಲಿನಲ್ಲಿ ನಿಲ್ಲಿಸಿ ಮುಗಿಯುವುದರಿಂದ ಮಗು 'ಇನ್ನೊಂದು' ಎಂದೇ ಎನ್ನುತ್ತದೆ. ತಾನೇ ಓದುವ ಮಗುವನ್ನು ತಡೆಯಬೇಡಿ. ನೀವು ಓದಿ ಹೇಳುತ್ತಿದ್ದರೆ ಮಾತ್ರ ಒಂದಕ್ಕೇ ನಿಲ್ಲಿಸಿ. ಎಳೆದರೆ ನಿಮ್ಮ ದನಿ ದಣಿಯುತ್ತದೆ, ಮರುದಿನ ನೀವೇ ಕಳ್ಳ ಬೀಳುತ್ತೀರಿ.

ಈಗ ಮೂಲ ಕಥೆಯನ್ನು ಆಮೇಲೆ ಯಾಕೆ ಹೇಳಬೇಕು ಎನ್ನುವ ವಿಷಯ. 11ನೇ ಅಧ್ಯಾಯವನ್ನೇ ತೆಗೆದುಕೊಳ್ಳಿ. ಮೂವರು ಮಕ್ಕಳು, ಅಂದರೆ ಪರ್ಸಿ ಮತ್ತು ಅವನ ಗೆಳೆಯರಾದ ಅನ್ನಬೆತ್, ಗ್ರೋವರ್, ರಾತ್ರಿ ಕಾಡಿನಲ್ಲಿ ದಾರಿ ತಪ್ಪಿ, ಹಸಿದು, ನ್ಯೂಜೆರ್ಸಿಯ ರಸ್ತೆ ಬದಿಯ ಒಂದು ಅಂಗಡಿಗೆ ಬರುತ್ತಾರೆ. ಅಂಗಳದ ತುಂಬ ಸಿಮೆಂಟಿನ ಬೊಂಬೆಗಳು. ಒಳಗಿಂದ ಬರ್ಗರ್ ವಾಸನೆ. ಅಂಗಡಿಯಾಕೆ ಮುಖದ ಮೇಲೆ ಪರದೆ ಹಾಕಿದ್ದಾಳೆ, ಹೆಸರು ಆಂಟಿ ಎಮ್. ಬಿಟ್ಟಿಯಾಗಿ ಊಟ ಹಾಕುತ್ತಾಳೆ, ಆಮೇಲೆ ಫೋಟೊ ತೆಗೆಯುತ್ತೇನೆ ನಿಲ್ಲಿ ಎನ್ನುತ್ತಾಳೆ. ಬೊಂಬೆಗಳ ಮುಖದಲ್ಲೆಲ್ಲ ಹೆದರಿಕೆ. ಅವುಗಳಲ್ಲೊಂದು ತನ್ನ ಮಾವ ಫರ್ಡಿನಂಡನ ಹಾಗಿದೆ ಎಂದು ಗ್ರೋವರ್ ಕಂಗಾಲಾಗುತ್ತಾನೆ.

ಮೆಡೂಸಾಳ ಕಥೆ ಮೊದಲೇ ಕೇಳಿದ ಮಗುವಿಗೆ ಎರಡನೇ ಪುಟದಲ್ಲೇ ಗೊತ್ತಾಗಿಬಿಡುತ್ತದೆ. ಕೇಳಿರದ ಮಗು ಹಸಿದ ಮಕ್ಕಳ ಜೊತೆ ಒಳಗೆ ಹೋಗಿ ಕೂರುತ್ತದೆ, ಬೊಂಬೆಗಳನ್ನು ನೋಡುತ್ತದೆ, ಎಲ್ಲೋ ಏನೋ ಸರಿಯಿಲ್ಲ ಎಂದು ಅದಕ್ಕೇ ಅನಿಸಲು ಶುರುವಾಗುತ್ತದೆ. ಆ ಅನಿಸಿಕೆಯನ್ನು ಮಗುವಿನಿಂದ ಕಿತ್ತುಕೊಳ್ಳಬೇಡಿ. ಫೋಟೊ ಮಾತು ಬಂದಾಗ ಒಂದು ಕ್ಷಣ ಓದು ನಿಲ್ಲಿಸಿ, 'ನಿನಗೇನನ್ನಿಸುತ್ತೆ?' ಎಂದಷ್ಟೇ ಕೇಳಿ.

ಅಧ್ಯಾಯ ಮುಗಿದ ಮೇಲೆ ಹಳೆಯ ಕಥೆ ಹೇಳಿ. ಗೋರ್ಗನ್ ಎಂಬ ಮೂವರು ರಾಕ್ಷಸಿ ಸೋದರಿಯರಲ್ಲಿ ಸಾವಿದ್ದದ್ದು ಮೆಡೂಸಾಗೆ ಮಾತ್ರ. ಅವಳ ಮುಖ ನೋಡಿದವರು ಕಲ್ಲಾಗುತ್ತಿದ್ದರು. ಪರ್ಸಿಯಸ್ ಎಂಬ ವೀರ ಅಥೀನಾಳ ಹೊಳೆಯುವ ಗುರಾಣಿಯಲ್ಲಿ ಅವಳ ಬಿಂಬ ನೋಡುತ್ತಾ ತಲೆ ಕತ್ತರಿಸಿದ. ಅವನ ಬಳಿ ಇನ್ನೂ ಎರಡು ಸಾಧನಗಳಿದ್ದವು, ರೆಕ್ಕೆಯ ಪಾದರಕ್ಷೆ ಮತ್ತು ಹಾಕಿಕೊಂಡರೆ ಕಾಣದಂತಾಗುವ ಹೇಡೀಸನ ಟೋಪಿ. ಇಷ್ಟು ಹೇಳಿ, 'ಈ ಮೂರೂ ಇವತ್ತಿನ ಅಧ್ಯಾಯದಲ್ಲಿ ಎಲ್ಲಿವೆ, ಹುಡುಕು' ಎನ್ನಿ. ರೆಕ್ಕೆಯ ಬೂಟು ಗ್ರೋವರನ ಕಾಲಲ್ಲಿ, ಮಾಯದ ಟೋಪಿ ಅನ್ನಬೆತಳ ಬಳಿ, ಬಿಂಬ ತೋರಿಸುವ ಗಾಜಿನ ಗೋಳ ಪರ್ಸಿಯ ಕೈಯಲ್ಲಿ. ಒಬ್ಬ ವೀರನ ಸಾಮಾನನ್ನು ಲೇಖಕರು ಮೂವರಿಗೆ ಹಂಚಿದ್ದಾರೆ, ಒಬ್ಬನೇ ಗೆಲ್ಲದ ಹಾಗೆ. ಹತ್ತು ವರ್ಷದ ಮಗು ಇದನ್ನು ತಾನೇ ಕಂಡುಹಿಡಿದಾಗ ಅದರ ಮುಖ ನೋಡಬೇಕು.

ಪರ್ಸಿಯಸ್ಸನ ಕಥೆಯ ಕೊನೆಯ ತುಂಡನ್ನು ಮಾತ್ರ ಪುಸ್ತಕ ಪೂರ್ತಿ ಮುಗಿಯುವವರೆಗೆ ಹೇಳಬೇಡಿ. ಅವನ ತಾಯಿ ಡನಾಯಿಯನ್ನು ಕಾಡುತ್ತಿದ್ದ ರಾಜ ಪಾಲಿಡೆಕ್ಟೀಸ್ ಅದೇ ಮೆಡೂಸಾಳ ತಲೆ ನೋಡಿ ಕಲ್ಲಾದ. ಪರ್ಸಿಯ ಮನೆಯಲ್ಲೂ ತಾಯಿಯನ್ನು ಕಾಡುವ ಮಲತಂದೆಯೊಬ್ಬನಿದ್ದಾನೆ. ಮುಂದಿನದು ನಿಮಗೇ ಹೊಳೆಯಿತಲ್ಲ? ಪುರಾಣ ಬಲ್ಲ ಮಗುವಿಗೂ ಹೊಳೆಯುತ್ತದೆ, ಅದಕ್ಕೇ ಈ ಎಚ್ಚರಿಕೆ.

ಮೆಡೂಸಾ ಹೀಗಾದದ್ದು ಹೇಗೆ ಎಂದು ಮಗು ಕೇಳಿದರೆ ಅಥೀನಾಳ ಶಾಪ ಎಂದು ಹೇಳಿ ನಿಲ್ಲಿಸಿ. ರೋಮನ್ ಕವಿ ಓವಿಡನ ಪ್ರಕಾರ ಅಥೀನಾಳ ಗುಡಿಯಲ್ಲಿ ಪೊಸೈಡನ್ ಅವಳ ಮೇಲೆ ಅತ್ಯಾಚಾರ ಮಾಡಿದ, ಶಿಕ್ಷೆ ಬಿದ್ದದ್ದು ಅವಳಿಗೆ. ಇದು ಸ್ವಲ್ಪ ದೊಡ್ಡವರಾದ ಮೇಲೆ, ಸರಿಯಾಗಿ ಕೂತು ಮಾತಾಡಬೇಕಾದ ವಿಷಯ. ಅಂತರ್ಜಾಲದಲ್ಲಿ ಹುಡುಕಿದರೆ ಕಥೆಯ ಈ ರೂಪವೇ ಸಿಗಬಹುದು, ಆದ್ದರಿಂದ ನೀವು ತಿಳಿದಿರುವುದು ಒಳ್ಳೆಯದು.

ಇದೇ ಪುಸ್ತಕದಲ್ಲಿ ಅಧ್ಯಾಯ ಮುಗಿದ ಮೇಲೆ ಹೇಳಬೇಕಾದ ಇನ್ನು ಕೆಲವು: 2ನೆಯದರಲ್ಲಿ ನೂಲು ಕತ್ತರಿಸುವ ಮೂವರು ಮುದುಕಿಯರು ವಿಧಿದೇವಿಯರು. 4ನೆಯದರ ಗೂಳಿಯ ತಲೆಯವನು ಮಿನೊಟಾರ್. 16ನೆಯದರ ಲೋಟಸ್ ಹೋಟೆಲಿನಲ್ಲಿ ಮಕ್ಕಳು ಆಡುತ್ತಾ ಮೈಮರೆತು ಹೊರಬಂದರೆ ಐದು ದಿನ ಕಳೆದಿರುತ್ತದೆ. ಹೋಮರನ ಮಹಾಕಾವ್ಯ 'ಒಡಿಸ್ಸಿ'ಯ 9ನೇ ಭಾಗದಲ್ಲಿ ಲೋಟಸ್ ಎಂಬ ಹಣ್ಣು ತಿಂದ ನಾವಿಕರು ಊರನ್ನೇ ಮರೆತಿದ್ದರು. ಮೊಬೈಲ್ ಬಿಡದ ಮಕ್ಕಳಿಗೆ ಇದನ್ನು ಓದಿದ ರಾತ್ರಿ ಉಪದೇಶ ಕೊಡಲು ಹೋಗಬೇಡಿ, ಅಧ್ಯಾಯವೇ ಆ ಕೆಲಸ ಮಾಡಿರುತ್ತದೆ. 17ನೆಯದರ ಮಂಚದ ವ್ಯಾಪಾರಿ ಪ್ರೊಕ್ರಸ್ಟೀಸ್, ಅತಿಥಿಗಳನ್ನು ಮಂಚದ ಅಳತೆಗೆ ಎಳೆದೋ ಕತ್ತರಿಸಿಯೋ ಹೊಂದಿಸುತ್ತಿದ್ದ ದರೋಡೆಕೋರ.

ಮಕ್ಕಳು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. ಪುರಾಣದ ಪರ್ಸಿಯಸ್ ಝ್ಯೂಸನ ಮಗ, ನಮ್ಮ ಪರ್ಸಿ ಪೊಸೈಡನ್ನನ ಮಗ, ಹೆಸರು ಮಾತ್ರ ಅದೇ ಯಾಕೆ? ಉತ್ತರ ಸರಣಿಯಲ್ಲೇ ಇದೆ. ಗ್ರೀಕ್ ವೀರರಲ್ಲಿ ಬಹುತೇಕರ ಅಂತ್ಯ ದುರಂತ, ಪರ್ಸಿಯಸ್ ಸುಖವಾಗಿ ಬಾಳಿದ ಅಪರೂಪದವನು. ಅದಕ್ಕೇ ತಾಯಿ ಆ ಹೆಸರಿಟ್ಟಳು.

ಹಂತ 5: ಎರಡರಿಂದ ಐದು

ಕ್ರಮ ಹೀಗೆ: 'ದಿ ಸೀ ಆಫ್ ಮಾನ್‌ಸ್ಟರ್ಸ್' (2006), 'ದಿ ಟೈಟನ್ಸ್ ಕರ್ಸ್' (2007), 'ದಿ ಬ್ಯಾಟಲ್ ಆಫ್ ದಿ ಲ್ಯಾಬಿರಿಂತ್' (2008), 'ದಿ ಲಾಸ್ಟ್ ಒಲಿಂಪಿಯನ್' (2009). ಒಂದನ್ನೂ ಹಾರಿಸುವಂತಿಲ್ಲ. ಮೊದಲ ಪುಸ್ತಕದ ಕೊನೆಯಲ್ಲಿ ಒಬ್ಬನ ಗುಟ್ಟು ಬಯಲಾಗುತ್ತದೆ, ಎರಡನೆಯದು ಅದನ್ನು ಮೊದಲ ಪುಟಗಳಿಂದಲೇ ಗೊತ್ತಿರುವ ಸಂಗತಿ ಎಂದು ಹಿಡಿದು ನಡೆಯುತ್ತದೆ. ಗ್ರಂಥಾಲಯದಲ್ಲಿ ಒಂದನೆಯದು ಹೊರಗೆ ಹೋಗಿದೆ ಎಂದು ಎರಡನೆಯದನ್ನು ತಂದುಕೊಡುವುದು ಮಗುವಿಗೆ ಮಾಡುವ ಅನ್ಯಾಯ. ಕಾಯಿರಿ.

ಎರಡನೆಯದು 'ಒಡಿಸ್ಸಿ'ಯ ಹಾದಿಯಲ್ಲೇ ಸಾಗುತ್ತದೆ. ಒಂಟಿಗಣ್ಣಿನ ಪಾಲಿಫೀಮಸ್, ಸರ್ಸಿ, ಸೈರನ್ನರು, ಸಿಲ್ಲಾ, ಕರಿಬ್ಡಿಸ್ ಎಲ್ಲರೂ ಬರುತ್ತಾರೆ. ಹೋಮರನಲ್ಲಿ ಸರ್ಸಿ ಗಂಡಸರನ್ನು ಹಂದಿ ಮಾಡುತ್ತಾಳೆ, ಇಲ್ಲಿ ಗಿನಿ ಇಲಿ. ಮೂರನೆಯದಕ್ಕೆ ಹೆರಾಕ್ಲೀಸ್ ಚಿನ್ನದ ಸೇಬು ತಂದ ಕಥೆ ಬೇಕು, ಆದರೆ ಪುಸ್ತಕ ಪೂರ್ತಿ ಮುಗಿದ ಮೇಲೆ. ಜೋಯಿ ಎಂಬ ಹುಡುಗಿ ಯಾರೆಂಬ ಗುಟ್ಟು ಅದರಲ್ಲಿದೆ. ನಾಲ್ಕನೆಯದಕ್ಕೆ ಡೀಡಲಸ್, ಥೀಸಿಯಸ್, ಅರಿಯಾಡ್ನಿಯ ದಾರದ ಕಥೆ, ಅದೂ ಮುಗಿದ ಮೇಲೆಯೇ.

ಐದನೆಯದಕ್ಕೆ ಮಾತ್ರ ನಿಯಮ ತಿರುಗಿಸಿ. ಅಕಿಲೀಸನ ಕಥೆಯನ್ನು ಮೊದಲೇ ಹೇಳಿ. ತಾಯಿ ಥೆಟಿಸ್ ಕೂಸನ್ನು ಸ್ಟಿಕ್ಸ್ ನದಿಯಲ್ಲಿ ಅದ್ದಿದಳು, ಕೈಯಲ್ಲಿ ಹಿಡಿದಿದ್ದ ಹಿಮ್ಮಡಿಗೆ ಮಾತ್ರ ನೀರು ತಾಗಲಿಲ್ಲ. ಗಾಂಧಾರಿಯ ನೋಟ ಬೀಳದ ದುರ್ಯೋಧನನ ತೊಡೆಯ ಕಥೆ ಗೊತ್ತಿದ್ದರೆ ಒಂದೇ ಮಾತಿಗೆ ಅರ್ಥವಾಗುತ್ತದೆ. ಇದನ್ನು ತಿಳಿಯದೆ ಹೋದರೆ ಪುಸ್ತಕದ ಆರಂಭದಲ್ಲಿ ಪರ್ಸಿ ತೆಗೆದುಕೊಳ್ಳುವ ನಿರ್ಧಾರದ ಭಾರ ಮಗುವಿಗೆ ತಟ್ಟುವುದಿಲ್ಲ.

'ದಿ ಡೆಮಿಗಾಡ್ ಫೈಲ್ಸ್' (2009) ಎಂಬ ತೆಳ್ಳನೆಯ ಪುಸ್ತಕದಲ್ಲಿ ಮೂರು ಸಣ್ಣ ಕಥೆಗಳಿವೆ. ಓದುವುದಾದರೆ ನಾಲ್ಕು ಮತ್ತು ಐದರ ನಡುವೆ. ಓದದಿದ್ದರೂ ನಷ್ಟವಿಲ್ಲ.

ಹಂತ 6: ಮಾತಾಡಬೇಕಾದ ಕಡೆ ಮಾತಾಡಿ

ರಾಕ್ಷಸರು ಸತ್ತರೆ ರಕ್ತವಿಲ್ಲ, ಪುಡಿಯಾಗಿ ಹೋಗುತ್ತಾರೆ. ಹಾಗಾಗಿ ಮೊದಲೆರಡು ಪುಸ್ತಕಗಳ ಹೊಡೆದಾಟ ಮಕ್ಕಳನ್ನು ಕಾಡುವುದಿಲ್ಲ. ಮೂರನೆಯದರಿಂದ ಹಾಗಲ್ಲ, ಮಕ್ಕಳು ಮೆಚ್ಚಿಕೊಂಡವರು ಸಾಯುತ್ತಾರೆ. ಐದನೆಯದು ಯುದ್ಧ, ಶಿಬಿರದ ಹುಡುಗ ಹುಡುಗಿಯರೇ ಬೀಳುತ್ತಾರೆ. ಮೃದು ಮನಸ್ಸಿನ ಮಗುವಾದರೆ ಆ ದಿನಗಳಲ್ಲಿ ಜೊತೆಗಿರಿ.

ಮಲತಂದೆ ಗೇಬ್ ತಾಯಿಯನ್ನು ಹೊಡೆಯುತ್ತಿದ್ದ ಎಂಬುದು ಮೊದಲ ಪುಸ್ತಕದ ಕೊನೆಗೆ ಪರ್ಸಿಗೆ ಅರಿವಾಗುತ್ತದೆ. ಒಂದೇ ಸಾಲಿನಲ್ಲಿ ಬಂದು ಹೋಗುವ ವಿಷಯ, ಆದರೆ ಕೆಲವು ಮಕ್ಕಳು ಅಲ್ಲೇ ನಿಲ್ಲುತ್ತಾರೆ. ಪ್ರಶ್ನೆ ಬಂದರೆ ಮಾತು ಮರೆಸಬೇಡಿ.

ಪರ್ಸಿಗೆ ಡಿಸ್ಲೆಕ್ಸಿಯಾ ಇದೆ, ಅಂದರೆ ಅಕ್ಷರ ಗುರುತಿಸಿ ಓದುವುದರಲ್ಲಿ ತೊಡಕು. ಜೊತೆಗೆ ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದಿರುವುದು, ಚಡಪಡಿಕೆ. ಅವನ ಮಿದುಳು ಪ್ರಾಚೀನ ಗ್ರೀಕ್ ಓದಲು ತಯಾರಾಗಿದೆ, ಚಡಪಡಿಕೆ ಯುದ್ಧದ ಚುರುಕು ಎನ್ನುತ್ತದೆ ಕಥೆ. ಇಂಥ ತೊಡಕಿರುವ ಮಗುವಿಗೆ ಇದು ಕೊಡುವ ಧೈರ್ಯ ದೊಡ್ಡದು, ಈ ಪುಸ್ತಕದ ಮೇಲೆ ನನಗಿರುವ ಪ್ರೀತಿಗೆ ಮುಖ್ಯ ಕಾರಣವೂ ಅದೇ. ಆದರೆ ಕಥೆಯ ವಿವರಣೆ ವೈದ್ಯಕೀಯವಲ್ಲ. ತಜ್ಞರ ಸಹಾಯ ಬೇಕಿರುವ ಮಗುವಿಗೆ ಅದು ಬೇಕೇ ಬೇಕು. ಓದು ನಿಜಕ್ಕೂ ಕಷ್ಟವಾದರೆ ಆಡಿಯೊ ಪುಸ್ತಕ ಹಾಕಿ, ಮಗು ಕೇಳುತ್ತಾ ಪುಟದ ಮೇಲೆ ಬೆರಳಾಡಿಸಲಿ.

ಹಂತ 7: ಎರಡನೇ ಸರಣಿಗೆ ಹೋಗುವ ಮೊದಲು

ಐದು ಮುಗಿದಾಗ ಕಥೆ ಪೂರ್ತಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಿದರೂ ಏನೂ ಬಾಕಿ ಉಳಿಯುವುದಿಲ್ಲ. ಹತ್ತು ವರ್ಷದ ಮಗು ಐದನ್ನು ಒಂದೇ ಉಸಿರಿಗೆ ಮುಗಿಸಿದ್ದರೆ ಒಂದು ವರ್ಷ ಬಿಟ್ಟು ಮುಂದಿನದನ್ನು ಕೊಡಿ ಎಂಬುದು ನನ್ನ ಸಲಹೆ. ಮುಂದಿನ ಸರಣಿ 'ದಿ ಹೀರೋಸ್ ಆಫ್ ಒಲಿಂಪಸ್' ದೊಡ್ಡ ಮಕ್ಕಳದ್ದು. ಒಂದೊಂದು ಪುಸ್ತಕವೂ ಐನೂರು ಪುಟಗಳ ಆಸುಪಾಸು, ಪ್ರೀತಿಪ್ರೇಮದ ಎಳೆಗಳು ಹೆಚ್ಚು.

ಕ್ರಮ: 'ದಿ ಲಾಸ್ಟ್ ಹೀರೊ' (2010), 'ದಿ ಸನ್ ಆಫ್ ನೆಪ್ಚೂನ್' (2011), 'ದಿ ಮಾರ್ಕ್ ಆಫ್ ಅಥೀನಾ' (2012), 'ದಿ ಹೌಸ್ ಆಫ್ ಹೇಡೀಸ್' (2013), 'ದಿ ಬ್ಲಡ್ ಆಫ್ ಒಲಿಂಪಸ್' (2014).

ಮಕ್ಕಳು ಕೈಬಿಡುವುದು 'ದಿ ಲಾಸ್ಟ್ ಹೀರೊ'ದಲ್ಲಿ. ತೆರೆದರೆ ಪರ್ಸಿಯೇ ಇಲ್ಲ. ನೆನಪು ಕಳೆದುಕೊಂಡ ಜೇಸನ್ ಎಂಬ ಹುಡುಗ ಬಸ್ಸಿನಲ್ಲಿ ಎಚ್ಚರಗೊಳ್ಳುತ್ತಾನೆ. 'ನಾನು' ಎಂದು ಹೇಳುವ ದನಿಯೂ ಇಲ್ಲ, ಕಥೆಯನ್ನು ಹೊರಗಿನಿಂದ ಹೇಳಲಾಗಿದೆ, ಅಧ್ಯಾಯಗಳು ಬೇರೆಬೇರೆ ಪಾತ್ರಗಳ ಕಣ್ಣಿನಿಂದ ಸಾಗುತ್ತವೆ. ಮಗು ತಪ್ಪು ಪುಸ್ತಕ ತಂದೆವು ಎಂದುಕೊಳ್ಳುತ್ತದೆ. 'ಪರ್ಸಿ ಎರಡನೆಯದರಲ್ಲಿ ಬರ್ತಾನೆ, ಅಲ್ಲಿವರೆಗೆ ಇವರ ಜೊತೆ ಹೋಗು' ಎಂದು ಮೊದಲೇ ಹೇಳಿಬಿಡಿ.

ಇನ್ನೊಂದು ತೊಡಕು ರೋಮನ್ ಹೆಸರುಗಳು. ಝ್ಯೂಸ್ ಇಲ್ಲಿ ಜುಪಿಟರ್, ಪೊಸೈಡನ್ ನೆಪ್ಚೂನ್, ಹೇಡೀಸ್ ಪ್ಲೂಟೊ, ಏರೀಸ್ ಮಾರ್ಸ್, ಹರ್ಮೀಸ್ ಮರ್ಕ್ಯುರಿ, ಆಫ್ರೊಡೈಟಿ ವೀನಸ್, ಅಥೀನಾ ಮಿನರ್ವಾ, ಹೆಫೆಸ್ಟಸ್ ವಲ್ಕನ್. ಅರ್ಧ ಹೆಸರುಗಳು ವಿಜ್ಞಾನದ ಪಾಠದಲ್ಲಿ ಗ್ರಹಗಳಾಗಿ ಬಂದಿರುತ್ತವೆ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಎರಡು ಕಾಲಂ ಹಾಕಿ ಬರೆಯಲಿ.

'ದಿ ಮಾರ್ಕ್ ಆಫ್ ಅಥೀನಾ' ತರುವಾಗ 'ದಿ ಹೌಸ್ ಆಫ್ ಹೇಡೀಸ್' ಕೂಡ ಜೊತೆಗೇ ತನ್ನಿ. ಮೊದಲನೆಯದು ಅಕ್ಷರಶಃ ಪ್ರಪಾತದಂಚಿನಲ್ಲಿ ಮುಗಿಯುತ್ತದೆ. ಅಂದು ರಾತ್ರಿ ಮುಂದಿನ ಪುಸ್ತಕ ಮನೆಯಲ್ಲಿಲ್ಲದಿದ್ದರೆ ನಿಮಗೂ ನಿದ್ದೆ ಇರುವುದಿಲ್ಲ.

ಹಂತ 8: ಉಳಿದವು ಮತ್ತು ಒಂದು ದೊಡ್ಡ ಬಲೆ

ಮೂರನೇ ಸರಣಿ 'ದಿ ಟ್ರಯಲ್ಸ್ ಆಫ್ ಅಪೊಲೊ', 2016ರಿಂದ 2020ರವರೆಗೆ ವರ್ಷಕ್ಕೊಂದರಂತೆ ಐದು. ಶಿಕ್ಷೆಯಾಗಿ ಅಪೊಲೊನನ್ನು ಹದಿನಾರರ ಸಾಮಾನ್ಯ ಹುಡುಗನನ್ನಾಗಿ ಭೂಮಿಗೆ ತಳ್ಳಲಾಗಿದೆ, ಕಥೆ ಹೇಳುವವನು ಅವನೇ. ಎರಡನೇ ಸರಣಿ ಓದದೆ ಇದಕ್ಕೆ ಕೈ ಹಾಕಬೇಡಿ.

ಬಲೆ ಯಾವುದೆಂದರೆ 'ದಿ ಚಾಲಿಸ್ ಆಫ್ ದಿ ಗಾಡ್ಸ್' (2023) ಮತ್ತು 'ರಾತ್ ಆಫ್ ದಿ ಟ್ರಿಪಲ್ ಗಾಡೆಸ್' (2024). ಇವು ಮೊದಲ ಸರಣಿಯ ಹೆಸರಿನಲ್ಲೇ ಬಂದಿವೆ, ಪರ್ಸಿಯೇ ಕಥೆ ಹೇಳುತ್ತಾನೆ, ಹಾಗಾಗಿ ಅಂಗಡಿಯಲ್ಲಿ ಆರನೆಯದು, ಏಳನೆಯದು ಎಂದು ಕೊಟ್ಟುಬಿಡುತ್ತಾರೆ. ಐದರ ನಂತರ ನೇರವಾಗಿ ಇವನ್ನು ಓದಿದರೆ ಎರಡನೇ ಸರಣಿಯ ಮುಖ್ಯ ಗುಟ್ಟುಗಳೆಲ್ಲ ಹೊರಬೀಳುತ್ತವೆ. ಇವುಗಳ ಘಟನೆಗಳು ನಡೆಯುವುದು ಎರಡನೇ ಸರಣಿ ಮುಗಿದ ಮೇಲೆ. 'ಹೀರೋಸ್' ಐದೂ ಮುಗಿಸಿ ಓದಲಿ, 'ಅಪೊಲೊ' ಕೂಡ ಮುಗಿದಿದ್ದರೆ ಇನ್ನೂ ಒಳ್ಳೆಯದು.

ಈಜಿಪ್ಟಿನ ದೇವತೆಗಳ 'ದಿ ಕೇನ್ ಕ್ರಾನಿಕಲ್ಸ್' ಬೇರೆಯದೇ ಕಥೆ, ಯಾವಾಗ ಬೇಕಾದರೂ ಓದಬಹುದು. ಉತ್ತರ ಯುರೋಪಿನ ಥಾರ್, ಓಡಿನ್ ಬರುವ 'ಮ್ಯಾಗ್ನಸ್ ಚೇಸ್'ನಲ್ಲಿ ಅನ್ನಬೆತ್ ಬರುತ್ತಾಳೆ, ಹಾಗಾಗಿ ಅದು 'ಹೀರೋಸ್' ನಂತರವೇ ಸರಿ. ಮಹಾಭಾರತದ ಕಡೆಗೆ ಕುತೂಹಲ ತಿರುಗಿದ್ದರೆ ರೋಶನಿ ಚೋಕ್ಷಿ ಬರೆದ 'ಅರು ಶಾ' ಸರಣಿಯಿದೆ, ಶುರುವಾದದ್ದು 2018ರಲ್ಲಿ. ಪಾಂಡವರು ಈ ಕಾಲದ ಹುಡುಗಿಯರಾಗಿ ಮರಳಿ ಹುಟ್ಟಿರುವ ಕಥೆ ಅದು, ಪ್ರಕಟವಾದದ್ದು ರೈಯರ್ಡನ್ನರ ಹೆಸರಿನ ಪ್ರಕಾಶನ ಮಾಲೆಯಲ್ಲೇ.

ಸಿನಿಮಾ, ಧಾರಾವಾಹಿ ಎರಡೂ ಓದಿದ ಮೇಲೆ. 2010ರ ಸಿನಿಮಾದಲ್ಲಿ ಹನ್ನೆರಡರ ಪರ್ಸಿಯನ್ನು ಹದಿಹರೆಯದ ದೊಡ್ಡ ಹುಡುಗನನ್ನಾಗಿ ಮಾಡಿದ್ದಾರೆ, ಕಥೆಯೂ ಬಹಳ ಬದಲಾಗಿದೆ. ಅದನ್ನು ನೋಡಿ ಪುಸ್ತಕ ಗೊತ್ತಾಯಿತು ಎಂದುಕೊಂಡವರು ಓದುವುದೇ ಇಲ್ಲ. 2023ರ ಡಿಸೆಂಬರಿನಲ್ಲಿ ಶುರುವಾದ ಧಾರಾವಾಹಿ ಪುಸ್ತಕಕ್ಕೆ ಹೆಚ್ಚು ಹತ್ತಿರ. ಮೊದಲ ಸೀಸನ್ನಿನ ಎಂಟು ಕಂತುಗಳು ಮೊದಲ ಪುಸ್ತಕದ ಕಥೆ. ಆ ಪುಸ್ತಕ ಮುಗಿಸಿದ ವಾರಾಂತ್ಯಕ್ಕೆ ಎಂಟೂ ಕಂತು ಇಟ್ಟುಕೊಳ್ಳಿ, ಎಲ್ಲೆಲ್ಲಿ ಬದಲಾಯಿಸಿದ್ದಾರ‍ೆ ಎಂದು ಮಗು ನೋಟ್‌ಬುಕ್ ಹಿಡಿದು ಪಟ್ಟಿ ಮಾಡಲಿ.